ಕೆಂಪು ಬಳ್ಳಿ ಎಲ್ಲಿದೆ? – ಔಟ್‌ಬೋರ್ಡ್ ಎಂಜಿನ್ ದೋಣಿ ಹತ್ತುವ ಮುಂಚೆ ತಿಳಿದಿರಬೇಕಾದ್ದು

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಆಫೀಸ್ ಬಸ್ಸಲ್ಲಿ ಕೂತು ಓದುವವರು ಇಲ್ಲೇ ಓದಿಕೊಳ್ಳಿ. ಅಲ್ಲಿ ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಪುಣೆ, ಮುಂಬಯಿಯಲ್ಲಿರುವ ನಮ್ಮ ಜನ ವಾರಾಂತ್ಯ ಬಂತೆಂದರೆ ಪವನಾ ಕೆರೆ, ಅಲಿಬಾಗ್, ಮಾಲ್ವಣ, ತಾರ್ಕರ್ಲಿ ಅಂತ ಹೊರಡ್ತೀವಿ. ಚೆನ್ನೈನವರು ಮುತ್ತುಕಾಡು, ಪಿಚ್ಚಾವರಂ ಕಡೆ ಹೋಗ್ತಾರೆ. ಹೋದಲ್ಲೆಲ್ಲ ದೋಣಿ ಇರುತ್ತೆ. ಸಣ್ಣ ದೋಣಿಗಳಲ್ಲಿ ಹೆಚ್ಚಿನವಕ್ಕೆ ಹಿಂದಿನ ಹಲಗೆಗೆ ಒಂದು ಎಂಜಿನ್ ತೂಗುಹಾಕಿರ್ತಾರೆ. ಅದೇ ಔಟ್‌ಬೋರ್ಡ್ ಮೋಟಾರ್. "ಸ್ವಲ್ಪ ದೂರ ನೀವೇ ಓಡಿಸಿ ಸಾರ್" ಅಂತ ದೋಣಿಯವರು ಹಿಡಿಕೆ ಕೊಡೋದೂ ಉಂಟು. ನನಗೂ ಕೊಟ್ಟಿದ್ದರು. ಕೊಟ್ಟವರು ಹೊರಗಿನವರಲ್ಲ, ನನ್ನ ಸ್ವಂತ ಭಾವ. ಅವತ್ತು ಏನಾಯಿತು ಅನ್ನೋದರಿಂದಲೇ ಶುರು ಮಾಡ್ತೀನಿ.

ಗಂಗೊಳ್ಳಿಯಲ್ಲಿ ಆಗಿದ್ದು

ನಮ್ಮ ಅಮ್ಮನ ತವರು ಕುಂದಾಪುರದ ಹತ್ತಿರ. ಐದು ಹೊಳೆ ಒಟ್ಟಾಗಿ ಪಂಚಗಂಗಾವಳಿ ಆಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವ ಜಾಗ. ಮಾವನ ಮನೆಯಲ್ಲಿ ಒಂದು ನಾಡದೋಣಿ ಇದೆ, ಅದಕ್ಕೆ 9.9 ಎಚ್‌ಪಿ ಎಂಜಿನ್. ಒಂದು ಡಿಸೆಂಬರ್ ರಜೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನನ್ನೂ ಕರೆದುಕೊಂಡು ಹೋಗಿದ್ದೆ. ಸಂಜೆ ಹೊಳೆಯಲ್ಲಿ ಒಂದು ಸುತ್ತು ಹೋಗೋಣ ಅಂತ ಹೊರಟೆವು. ಭಾವ ಮುಂದೆ ಕೂತ, ಗೆಳೆಯ ನಡುವೆ, ನಾನು ಹಿಂದೆ ಹಿಡಿಕೆಯಲ್ಲಿ.

ಹೊರಡುವಾಗಲೇ ಮಾವ ದಡದಿಂದ ಕೂಗಿ ಕೇಳಿದ್ದರು, "ಬಳ್ಳಿ ಕಟ್ಕಂಡ್ಯಾ ಮಾರಾಯ?" ಅಂತ. ಎಂಜಿನ್‌ಗೆ ಸಿಕ್ಕಿಸಿದ ಕೆಂಪು ಸುರುಳಿ ಬಳ್ಳಿ ಅದು. ನಾನು "ಹೌದು ಮಾವ" ಅಂದೆ. ನಿಜವಾಗಿ ಅದನ್ನು ಕೈಗೆ ಕಟ್ಟಿಕೊಂಡಿರಲಿಲ್ಲ, ಎಳೆದಂತಾಗಿ ಕಿರಿಕಿರಿ ಅನಿಸಿ ಹಿಡಿಕೆಗೇ ಸುತ್ತಿಬಿಟ್ಟಿದ್ದೆ.

ಹೊಳೆಯ ನಡುವೆ ಸ್ವಲ್ಪ ಜೋರಾಗಿಯೇ ಹೋಗ್ತಿದ್ದಾಗ ಗಾಳಿಗೆ ಗೆಳೆಯನ ಟೋಪಿ ಹಾರಿತು. ಹಿಡಿಯೋಣ ಅಂತ ನಾನು ಅರ್ಧ ಎದ್ದು ಕೈ ಚಾಚಿದೆ. ಇನ್ನೊಂದು ಕೈ ಹಿಡಿಕೆಯಿಂದ ಜಾರಿತು. ಎಂಜಿನ್ ಒಂದು ಬದಿಗೆ ಪೂರ್ತಿ ತಿರುಗಿತು, ದೋಣಿ ಒಮ್ಮೆಲೇ ಹೊರಳಿತು, ನಾನು ನೀರಲ್ಲಿದ್ದೆ.

ಲೈಫ್ ಜಾಕೆಟ್ ಇತ್ತು, ತೇಲಿದೆ. ತಲೆ ಎತ್ತಿ ನೋಡಿದರೆ ದೋಣಿ ನಿಂತಿಲ್ಲ. ಕೊಟ್ಟಿದ್ದ ವೇಗದಲ್ಲೇ ವೃತ್ತ ಹಾಕಿಕೊಂಡು ನನ್ನ ಕಡೆಗೇ ಬರ್ತಿದೆ. ಮೊದಲ ಸಲ ಎರಡು ಮಾರು ದೂರದಲ್ಲಿ ಹಾದುಹೋಯಿತು. ಎರಡನೇ ಸುತ್ತು ಅರ್ಧ ಆಗುವಷ್ಟರಲ್ಲಿ ಭಾವ ಅಂಬೆಗಾಲಲ್ಲಿ ಹಿಂದೆ ಬಂದು ಆ ಕೆಂಪು ಬಳ್ಳಿ ಕಿತ್ತ. ಎಂಜಿನ್ ನಿಂತಿತು. ಬಳ್ಳಿ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೇ. ಮನೆಗೆ ಬಂದಾಗ ಮಾವ ಬೈಯಲಿಲ್ಲ, ಊಟದ ಹೊತ್ತಿಗೂ ಮಾತಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಕೂತು ಈ ಯಂತ್ರದ ಬಗ್ಗೆ ಓದಿದೆ, ಭಾವನ ಜೊತೆ ನಾಲ್ಕು ರಜೆ ಕಲಿತೆ. ಕಲಿತದ್ದನ್ನೇ ಇಲ್ಲಿ ಹೇಳ್ತಿರೋದು.

ದೋಣಿ ಯಾಕೆ ವೃತ್ತ ಹಾಕುತ್ತೆ?

ಔಟ್‌ಬೋರ್ಡ್ ಅಂದರೆ ಎಂಜಿನ್, ಗೇರು, ಪ್ರೊಪೆಲ್ಲರ್ ಎಲ್ಲ ಒಂದೇ ಘಟಕ. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ಇದನ್ನು ಮಾರಾಟಕ್ಕೆ ತಂದ ಮೇಲೆ ಜಗತ್ತಿನ ಸಣ್ಣ ದೋಣಿಗಳ ಬದುಕೇ ಬದಲಾಯಿತು. ಇದರಲ್ಲಿ ಬೇರೆ ಚುಕ್ಕಾಣಿ ಇಲ್ಲ. ಇಡೀ ಎಂಜಿನ್ನನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿ ದೋಣಿ ತಿರುಗಿಸ್ತೀವಿ. ನಮ್ಮ ಕರಾವಳಿಯವರು ಪ್ರೊಪೆಲ್ಲರನ್ನು "ಫ್ಯಾನು" ಅಂತಾರೆ.

ಈ ಫ್ಯಾನು ಒಂದೇ ದಿಕ್ಕಿಗೆ ತಿರುಗುವುದರಿಂದ ಎಂಜಿನ್ನನ್ನು ಸದಾ ಒಂದು ಬದಿಗೆ ತಳ್ಳುತ್ತಿರುತ್ತೆ. ಹಿಡಿಕೆಯಲ್ಲಿ ನಮ್ಮ ಕೈ ಇರುವಷ್ಟು ಹೊತ್ತು ಅದು ಗೊತ್ತಾಗಲ್ಲ. ಕೈ ಬಿಟ್ಟ ತಕ್ಷಣ ಎಂಜಿನ್ ಪೂರ್ತಿ ಒಂದು ಬದಿಗೆ ಹೊರಳುತ್ತೆ. ಬೈಕಿನಲ್ಲಿ ಎಕ್ಸಿಲರೇಟರ್ ಬಿಟ್ಟರೆ ಅದು ತಾನೇ ಹಿಂದಕ್ಕೆ ಬರುತ್ತೆ. ಔಟ್‌ಬೋರ್ಡ್ ಹಿಡಿಕೆಯಲ್ಲಿ ಹಾಗೆ ಬರುತ್ತೆ ಅಂತ ನಂಬುವ ಹಾಗಿಲ್ಲ, ತಿರುಗಿಸಿ ಇಟ್ಟ ಜಾಗದಲ್ಲೇ ನಿಂತಿರಬಹುದು. ವೇಗ ಹಾಗೇ ಇದೆ, ದಿಕ್ಕು ಪೂರ್ತಿ ಒಂದು ಬದಿಗೆ. ಹಾಗಾಗಿ ದೋಣಿ ಬಿದ್ದವನ ಸುತ್ತಲೇ ಗಿರಕಿ ಹೊಡೆಯುತ್ತೆ.

ಲೆಕ್ಕ ನೋಡಿ. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. 5 ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆ ಸುಮಾರು 31 ಮೀಟರ್. ಅಂದರೆ ಆರು ಸೆಕೆಂಡಿಗೊಮ್ಮೆ ದೋಣಿ ವಾಪಸ್ ಬರುತ್ತೆ. ಎಂಜಿನ್ 5000 ಆರ್‌ಪಿಎಂನಲ್ಲಿದ್ದು ಗೇರ್ ಅನುಪಾತ ಸುಮಾರು 2:1 ಇದ್ದರೆ ಫ್ಯಾನು ನಿಮಿಷಕ್ಕೆ 2500 ಸುತ್ತು ತಿರುಗುತ್ತೆ. ಮೂರು ಎಲೆಯ ಫ್ಯಾನಾದರೆ ಒಂದು ಜಾಗದಲ್ಲಿ ಸೆಕೆಂಡಿಗೆ 125 ಸಲ ಎಲೆ ಹಾದುಹೋಗುತ್ತೆ. ಅದು ತಾಗಿದರೆ ಏನಾಗುತ್ತೆ ಅಂತ ವಿವರಿಸುವ ಅಗತ್ಯ ಇಲ್ಲ.

2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಹತ್ತಿರ ಇದೇ ರೀತಿ ಆಯಿತು. ರಜೆಗೆ ಹೋಗಿದ್ದ ಆರು ಜನರ ಕುಟುಂಬ ತಿರುವಿನಲ್ಲಿ ಸ್ಪೀಡ್ ಬೋಟಿನಿಂದ ನೀರಿಗೆ ಬಿತ್ತು. ಖಾಲಿ ದೋಣಿ ಅವರ ನಡುವೆಯೇ ಸುತ್ತಿತು. ತಂದೆ ಮತ್ತು 8 ವರ್ಷದ ಮಗಳು ತೀರಿಕೊಂಡರು, ಉಳಿದವರಿಗೂ ಗಾಯಗಳಾದವು. ಬಳ್ಳಿ ಯಾರಿಗೂ ಕಟ್ಟಿರಲಿಲ್ಲ ಅಂತ ತನಿಖೆ ಹೇಳಿತು.

ಬಳ್ಳಿ ಅಂದರೆ ಏನು?

ಕಿಲ್ ಕಾರ್ಡ್ ಅಂತ ಕರೆಯುವ ಇದರ ಒಂದು ತುದಿಯ ಕ್ಲಿಪ್ಪು ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವನ ಮೈಗೆ. ಕ್ಲಿಪ್ಪು ಕಳಚಿದರೆ ಸ್ಪಾರ್ಕ್ ನಿಂತು ಎಂಜಿನ್ ಆಫ್. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ವಾಚ್‌ಡಾಗ್ ಟೈಮರ್ ಇದ್ದ ಹಾಗೆ. ಓಡಿಸುವವನು ತನ್ನ ಜಾಗದಲ್ಲಿದ್ದಾನೆ ಅನ್ನುವ ಸಿಗ್ನಲ್ ತಪ್ಪಿದರೆ ಸಿಸ್ಟಮ್ ತಾನಾಗಿಯೇ ಸುರಕ್ಷಿತ ಸ್ಥಿತಿಗೆ ಹೋಗಬೇಕು. ಅದನ್ನು ಹಿಡಿಕೆಗೆ ಸುತ್ತಿದ ನಾನು ಮಾಡಿದ್ದು, ಟೆಸ್ಟ್ ಫೇಲ್ ಆಗ್ತಿದೆ ಅಂತ ಟೆಸ್ಟನ್ನೇ ಕಾಮೆಂಟ್ ಮಾಡಿ ಪ್ರೊಡಕ್ಷನ್‌ಗೆ ಕಳಿಸುವ ಕೆಲಸ.

ಇದರ ಬಗ್ಗೆ ನಾಲ್ಕು ಮಾತು ನೆನಪಿಟ್ಟುಕೊಳ್ಳಿ:

- ಎಂಜಿನ್ ಶುರು ಮಾಡುವ ಮುಂಚೆಯೇ ಕಟ್ಟಿಕೊಳ್ಳಿ. ಹಿಡಿಕೆ ಇರುವ ದೋಣಿಯಲ್ಲಿ ಮಣಿಕಟ್ಟಿಗೆ ಅಥವಾ ಲೈಫ್ ಜಾಕೆಟ್ಟಿನ ಗಟ್ಟಿ ಪಟ್ಟಿಗೆ, ಸ್ಟೀರಿಂಗ್ ಇರುವ ದೋಣಿಯಲ್ಲಿ ತೊಡೆಗೆ ಸುತ್ತಿ. ಅಂಗಿಯ ಗುಂಡಿಗೆ ಸಿಕ್ಕಿಸಿದರೆ ಗುಂಡಿ ಕಿತ್ತು ಬರುತ್ತೆ, ಕ್ಲಿಪ್ಪು ಅಲ್ಲೇ ಉಳಿಯುತ್ತೆ.
- ಪ್ರತಿ ಸಲ ಹೊರಡುವ ಮುಂಚೆ ದಡದಲ್ಲೇ ಒಮ್ಮೆ ಎಳೆದು ನೋಡಿ. ಎಂಜಿನ್ ನಿಲ್ಲಬೇಕು. ಉಪ್ಪುನೀರಿಗೆ ಸ್ವಿಚ್ಚು ಹಿಡಿದುಕೊಂಡಿರಬಹುದು.
- ಇನ್ನೊಂದು ಬಳ್ಳಿ ದೋಣಿಯಲ್ಲಿ ಇಟ್ಟಿರಿ. ಓಡಿಸುವವನು ಬಳ್ಳಿ ಸಮೇತ ನೀರಿಗೆ ಬಿದ್ದರೆ, ಉಳಿದವರು ಎಂಜಿನ್ ಶುರು ಮಾಡಿ ಅವನ ಹತ್ತಿರ ಬರಬೇಕಲ್ಲ. ಅದು ಎಲ್ಲಿದೆ, ಹೇಗೆ ಸಿಕ್ಕಿಸೋದು ಅಂತ ಇನ್ನೊಬ್ಬರಿಗಾದರೂ ತೋರಿಸಿ.
- ಓಡಿಸುವವರು ಬದಲಾದರೆ ಎಂಜಿನ್ ನಿಲ್ಲಿಸಿ, ಬಳ್ಳಿ ಬದಲಾಯಿಸಿ, ಆಮೇಲೆ ಜಾಗ ಬದಲಾಯಿಸಿ.

ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ದೋಣಿ ಓಡಿಸುವವರು ಇದನ್ನು ಬಳಸುವುದು ಕಾನೂನು. ನಮ್ಮ ಕಡೆ ಬಹಳ ದೋಣಿಗಳಲ್ಲಿ ಬಳ್ಳಿ ಇರುತ್ತೆ, ಕ್ಲಿಪ್ಪಿನಿಂದ ಸುಮ್ಮನೆ ಕೆಳಗೆ ಜೋತುಬಿದ್ದಿರುತ್ತೆ.

ಪೆಟ್ರೋಲು

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ರಸ್ತೆಯಲ್ಲಿ ಚೆಲ್ಲಿದರೆ ಹರಡಿ ಹೋಗುತ್ತೆ. ದೋಣಿ ಅನ್ನೋದು ಬಟ್ಟಲು, ಅದರ ತಳದಲ್ಲಿ ಆವಿ ಕೂರುತ್ತೆ. ಒಂದು ಕಿಡಿ ಸಾಕು. ಹಾಗಾಗಿ ಟ್ಯಾಂಕು ಎತ್ತುವ ಹಾಗಿದ್ದರೆ ಅದನ್ನು ದಡಕ್ಕೆ ತಂದು ನೆಲದ ಮೇಲಿಟ್ಟು ತುಂಬಿಸಿ. ಎಂಜಿನ್ ಆಫ್ ಇರಲಿ, ಬೀಡಿ ಸಿಗರೇಟು ಹತ್ತಿರ ಬೇಡ. ಕಂಠಪೂರ್ತಿ ತುಂಬಬೇಡಿ, ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತೆ. ಚೆಲ್ಲಿದ್ದನ್ನು ಒರೆಸಿ, ಆ ಬಟ್ಟೆಯನ್ನು ದೋಣಿಯಲ್ಲಿ ಇಟ್ಟುಕೊಳ್ಳಬೇಡಿ.

ಎಂಜಿನ್ ಟೂ-ಸ್ಟ್ರೋಕ್ ಆಗಿದ್ದು ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸುವ ಮಾದರಿಯಾದರೆ ಸಾಮಾನ್ಯವಾಗಿ 50:1 ಅನುಪಾತ, ಅಂದರೆ 10 ಲೀಟರಿಗೆ 200 ಮಿಲಿ. ಆದರೆ ನಿಮ್ಮ ಎಂಜಿನ್ನಿನ ಕೈಪಿಡಿ ಏನು ಹೇಳುತ್ತೋ ಅದೇ ಕೊನೆಯ ಮಾತು. ಫೋರ್-ಸ್ಟ್ರೋಕ್ ಆದರೆ ಆಯಿಲ್ ಬೇರೆಯೇ ಹಾಕಬೇಕು, ಪೆಟ್ರೋಲಿಗೆ ಬೆರೆಸಬಾರದು.

ನಮ್ಮ ಕರಾವಳಿಯ ಎಷ್ಟೋ ನಾಡದೋಣಿ ಎಂಜಿನ್‌ಗಳು ಸೀಮೆಎಣ್ಣೆಯಲ್ಲಿ ಓಡುತ್ತವೆ. ಶುರು ಮಾಡೋದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಹೊತ್ತು ಓಡಿಸಬೇಕು. ಇಲ್ಲದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮಾರನೇ ಬೆಳಿಗ್ಗೆ ಹಗ್ಗ ಎಳೆದೂ ಎಳೆದೂ ತೋಳು ನೋಯುತ್ತೆ.

ಎಷ್ಟು ಬೇಕು ಅನ್ನೋದಕ್ಕೆ ಹಳೇ ಲೆಕ್ಕ: ಮೂರರಲ್ಲಿ ಒಂದು ಪಾಲು ಹೋಗೋಕೆ, ಒಂದು ಪಾಲು ಬರೋಕೆ, ಒಂದು ಪಾಲು ಮುಟ್ಟದೇ ಇಡೋಕೆ.

ಶುರು ಮಾಡುವ ಕ್ರಮ

1. ಎಂಜಿನ್ನನ್ನು ಹಿಂದಿನ ಹಲಗೆಗೆ ಹಿಡಿದಿರುವ ಎರಡು ಸ್ಕ್ರೂ ಬಿಗಿಯಾಗಿವೆಯಾ ನೋಡಿ. ನಡುಕಕ್ಕೆ ಅವು ಸಡಿಲ ಆಗುತ್ತವೆ. ಎಂಜಿನ್‌ಗೆ ಇನ್ನೊಂದು ಹಗ್ಗವನ್ನೋ ಸರಪಳಿಯನ್ನೋ ದೋಣಿಗೆ ಕಟ್ಟಿರಬೇಕು.
2. ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ಸ್ಕ್ರೂ ತೆರೆಯಿರಿ. ಹೊಸಬರು ಮರೆಯೋದು ಇದನ್ನೇ. ಎಂಜಿನ್ ಚೆನ್ನಾಗಿ ಶುರುವಾಗಿ, ಸ್ವಲ್ಪ ದೂರ ಹೋಗಿ, ನಡುನೀರಲ್ಲಿ ನಿಲ್ಲುತ್ತೆ. ಒಳಗೆ ಗಾಳಿ ಹೋಗದೆ ಪೆಟ್ರೋಲು ಹೊರಗೆ ಬರಲ್ಲ.
3. ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವ ತನಕ ಒತ್ತಿ. ಅದರ ಮೇಲಿನ ಬಾಣ ಎಂಜಿನ್ ಕಡೆಗೆ ಇರಬೇಕು.
4. ಎಂಜಿನ್ ಕೆಳಗಿಳಿಸಿ. ಫ್ಯಾನಿನ ಹತ್ತಿರ ಜನ, ಹಗ್ಗ, ಬಲೆ ಇಲ್ಲ ಅಂತ ಬಗ್ಗಿ ನೋಡಿ.
5. ಬಳ್ಳಿ ಕಟ್ಟಿಕೊಳ್ಳಿ.
6. ಗೇರು ನ್ಯೂಟ್ರಲ್. ಎಂಜಿನ್ ತಣ್ಣಗಿದ್ದರೆ ಚೋಕ್ ಎಳೆಯಿರಿ. ಹಿಡಿಕೆಯನ್ನು ಸ್ಟಾರ್ಟ್ ಗುರುತಿಗೆ ತನ್ನಿ.
7. ಹಗ್ಗವನ್ನು ಮೊದಲು ನಿಧಾನ ಎಳೆದು, ಬಿಗಿ ಸಿಕ್ಕಿದ ಮೇಲೆ ಜೋರಾಗಿ ಎಳೆಯಿರಿ. ನಿಮ್ಮ ಬೆನ್ನ ಹಿಂದೆ ಯಾರೂ ಇರಬಾರದು. ಮೊಣಕೈ ನೇರ ಅವರ ಮುಖಕ್ಕೇ ಹೋಗುತ್ತೆ.
8. ಶುರುವಾದ ತಕ್ಷಣ ಎಂಜಿನ್ನಿನ ಹಿಂದೆ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯಾ ನೋಡಿ. ಎಂಜಿನ್ ತಣ್ಣಗಾಗುವುದು ಹೊಳೆಯ ನೀರಿನಿಂದಲೇ, ಆ ಧಾರೆ ಅದರ ಗುರುತು. ಧಾರೆ ಇಲ್ಲದಿದ್ದರೆ ಕೂಡಲೇ ಆಫ್ ಮಾಡಿ. ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಸಿಕ್ಕಿರಬಹುದು, ಅಥವಾ ಒಳಗಿನ ರಬ್ಬರ್ ಇಂಪೆಲ್ಲರ್ ಸವೆದಿರಬಹುದು. ಇದೇ ಕಾರಣಕ್ಕೆ ಎಂಜಿನ್ನನ್ನು ನೀರಿಲ್ಲದೆ ಓಡಿಸಬಾರದು.
9. ಎರಡು ನಿಮಿಷ ಬಿಸಿಯಾಗಲಿ, ಚೋಕ್ ಒಳಗೆ ತಳ್ಳಿ, ಆಮೇಲೆ ದಡದ ಹಗ್ಗ ಬಿಚ್ಚಿ. ಗೇರು ಬದಲಾಯಿಸೋದು ಯಾವಾಗಲೂ ಕಡಿಮೆ ವೇಗದಲ್ಲಿ.

ಓಡಿಸುವಾಗ

ಹಿಡಿಕೆ ಉಲ್ಟಾ. ದೋಣಿ ಬಲಕ್ಕೆ ಹೋಗಬೇಕಾದರೆ ಹಿಡಿಕೆ ಎಡಕ್ಕೆ. ಕಾರು ಓಡಿಸಿ ಅಭ್ಯಾಸ ಇರುವ ತಲೆಗೆ ಇದು ಮೊದಲ ಅರ್ಧ ಗಂಟೆ ಹಿಡಿಯಲ್ಲ, ಅದಕ್ಕೇ ಬಯಲು ನೀರಿನಲ್ಲಿ ನಿಧಾನ ವೇಗದಲ್ಲಿ ಕಲಿಯಬೇಕು.

ಕೂತೇ ಓಡಿಸಿ, ಉಳಿದವರೂ ಕೂತಿರಲಿ. ಭಾರ ಎರಡೂ ಬದಿಗೆ ಸಮ ಇರಲಿ. ಎಲ್ಲರೂ ಹಿಂದೆ ಕೂತರೆ ಹಿಂಭಾಗ ತಗ್ಗಿ, ಮುಂಭಾಗ ಎದ್ದು ಎದುರಿನದ್ದು ಕಾಣಲ್ಲ. ಜೋರಾಗಿ ಹೋಗ್ತಿದ್ದು ಒಮ್ಮೆಲೇ ವೇಗ ಇಳಿಸಬೇಡಿ. ನೀವೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಹಲಗೆ ದಾಟಿ ಒಳಗೆ ಸುರಿಯುತ್ತೆ. ದೊಡ್ಡ ಬೋಟಿನ ಅಲೆ ಬಂದರೆ ವೇಗ ಇಳಿಸಿ ಸ್ವಲ್ಪ ಓರೆಯಾಗಿ ಎದುರಿಸಿ, ಪಕ್ಕಕ್ಕೆ ಹೊಡೆಸಿಕೊಳ್ಳಬೇಡಿ.

ಯಾರಾದರೂ ಬಲಗಡೆ ಬಿದ್ದರೆ ದೋಣಿಯ ಮೂತಿಯನ್ನು ಬಲಕ್ಕೇ ತಿರುಗಿಸಿ. ಆಗ ಹಿಂಭಾಗ, ಅಂದರೆ ಫ್ಯಾನು, ಅವರಿಂದ ಎಡಕ್ಕೆ ಸರಿಯುತ್ತೆ. ಸುಲಭದಲ್ಲಿ ಹೇಳೋದಾದರೆ ಹಿಡಿಕೆಯನ್ನು ಬಿದ್ದವರಿಂದ ದೂರಕ್ಕೆ ತಳ್ಳಿ. ಆಮೇಲೆ ನಿಧಾನವಾಗಿ ಸುತ್ತಿ ಬಂದು, ಹತ್ತಿರ ಆದಾಗ ಎಂಜಿನ್ ಆಫ್ ಮಾಡಿ. ನ್ಯೂಟ್ರಲ್ ಸಾಲದು. ಗಡಿಬಿಡಿಯಲ್ಲಿ ಯಾರದ್ದಾದರೂ ಕೈಯೋ ಮೊಣಕಾಲೋ ಗೇರಿಗೆ ತಾಗಬಹುದು. ಅವರನ್ನು ಪಕ್ಕದಿಂದ ಎತ್ತಿ, ಎಂಜಿನ್ ಹತ್ತಿರದಿಂದ ಬೇಡ.

ಫ್ಯಾನಿಗೆ ಬಲೆ ಅಥವಾ ಹಗ್ಗ ಸುತ್ತಿಕೊಂಡರೂ ಹೀಗೇ. ಆಫ್ ಮಾಡಿ, ಕ್ಲಿಪ್ಪು ಕಿತ್ತು ಬಳ್ಳಿಯನ್ನು ಜೇಬಿಗೆ ಹಾಕಿಕೊಳ್ಳಿ, ಎಂಜಿನ್ ಮೇಲೆತ್ತಿ, ಆಮೇಲೆ ಕೈ ಹಾಕಿ. ಬಳ್ಳಿ ನಿಮ್ಮ ಜೇಬಲ್ಲಿದ್ದರೆ ಇನ್ನೊಬ್ಬರು ತಿಳಿಯದೆ ಶುರು ಮಾಡುವ ಭಯ ಇಲ್ಲ.

ಎಂಜಿನ್ ತಾನಾಗಿ ನಿಂತರೆ ಮೊದಲು ಲಂಗರು ಹಾಕಿ, ಆಮೇಲೆ ರಿಪೇರಿ. ನೀವು ಪ್ಲಗ್ಗು ನೋಡ್ತಾ ಕೂತರೆ ಇಳಿತದ ನೀರು ದೋಣಿಯನ್ನು ಅಳಿವೆಯ ಕಡೆ ಒಯ್ಯುತ್ತಿರುತ್ತೆ. ಆಮೇಲೆ ಗಾಳಿ ಸ್ಕ್ರೂ, ರಬ್ಬರ್ ಬಲ್ಬು, ಕ್ಲಿಪ್ಪು, ಪೆಟ್ರೋಲು – ಈ ನಾಲ್ಕನ್ನು ನೋಡಿ. ಎಷ್ಟೋ ಸಲ ಇದರಲ್ಲೇ ಒಂದಾಗಿರುತ್ತೆ.

ಅಳಿವೆ ಬಗ್ಗೆ ಒಂದೇ ಮಾತು: ಊರವರಿಲ್ಲದೆ ದಾಟಬೇಡಿ. ಮರಳು ದಿಬ್ಬ ಜಾಗ ಬದಲಾಯಿಸುತ್ತಿರುತ್ತೆ. ಇಳಿತದ ನೀರು ಹೊರಗೆ ನುಗ್ಗುವಾಗ ಕಡಲಿನ ಅಲೆ ಎದುರಾದರೆ ಅಲ್ಲಿ ಅಲೆ ಕಡಿದಾಗಿ ಎದ್ದು ಒಡೆಯುತ್ತೆ. ನಲವತ್ತು ವರ್ಷ ಕಡಲಿಗೆ ಹೋದ ನಮ್ಮ ಮಾವನೂ ಅಲ್ಲಿ ನಿಂತು ನೋಡಿಯೇ ಹೊರಡೋದು. ಜೂನ್, ಜುಲೈ ಎರಡು ತಿಂಗಳು ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತೆ. ಅದು ಮೀನು ಮರಿ ಹಾಕುವ ಕಾಲ ಅಂತ ಇಟ್ಟದ್ದು. ಕಡಲು ಎಷ್ಟು ಒರಟಾಗಿರುತ್ತೆ ಅನ್ನೋದಕ್ಕೂ ಅದನ್ನೇ ಗುರುತಾಗಿ ಇಟ್ಟುಕೊಳ್ಳಬಹುದು.

ಜೊತೆಗೆ ಇರಬೇಕಾದ್ದು

ಎಲ್ಲರ ಮೈಮೇಲೆ ಲೈಫ್ ಜಾಕೆಟ್, ಸೀಟಿನ ಕೆಳಗಲ್ಲ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಇರಲಿ. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತೆ, ಮಗು ಕೆಳಗೆ ಜಾರುತ್ತೆ. ಎರಡು ಹುಟ್ಟು, ಲಂಗರು ಮತ್ತು ಹಗ್ಗ, ನೀರು ಮೊಗೆಯಲು ಡಬ್ಬಿ, ಸೀಟಿ, ಟಾರ್ಚು, ಸಣ್ಣ ಬೆಂಕಿ ಆರಿಸುವ ಸಿಲಿಂಡರ್, ನೀರು ಹೋಗದ ಚೀಲದಲ್ಲಿ ಮೊಬೈಲು. ಕಡಲಲ್ಲಿ ಆಪತ್ತಾದರೆ ಕರಾವಳಿ ರಕ್ಷಣಾ ಪಡೆಯ ಉಚಿತ ಸಂಖ್ಯೆ 1554, ಈಗಲೇ ಸೇವ್ ಮಾಡಿಕೊಳ್ಳಿ. ಎಲ್ಲಿಗೆ ಹೋಗ್ತಿದ್ದೀರಿ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ಕುಡಿದು ಹತ್ತಬೇಡಿ, ಕುಡಿದವರ ದೋಣಿಗೂ ಹತ್ತಬೇಡಿ.

ವಾಪಸ್ ಬಂದ ಮೇಲೆ ಉಪ್ಪುನೀರಲ್ಲಿ ಓಡಿದ ಎಂಜಿನ್ ಒಳಗೆ ಸಿಹಿನೀರು ಹಾಯಿಸಿ ತೊಳೆಯಬೇಕು. ಇಲ್ಲದಿದ್ದರೆ ತಂಪು ಮಾಡುವ ದಾರಿಯಲ್ಲಿ ಉಪ್ಪು ಕಟ್ಟುತ್ತೆ. ಆಮೇಲೆ ಪೈಪು ಕಳಚಿ, ಗಾಳಿ ಸ್ಕ್ರೂ ಮುಚ್ಚಿ ಇಡಿ.

ಬಾಡಿಗೆ ದೋಣಿ ಹತ್ತುವವರಿಗೆ

ನಮ್ಮಲ್ಲಿ ಹೆಚ್ಚಿನವರು ಓಡಿಸಲ್ಲ, ಕೂತು ಹೋಗ್ತೀವಿ. ಆಗಲೂ ದಡದಲ್ಲಿ ನಿಂತು ಐದು ವಿಷಯ ನೋಡಬಹುದು. ಜನರಿಗೆ ಸರಿಯಾಗಿ ಲೈಫ್ ಜಾಕೆಟ್ ಇದೆಯಾ? ದೋಣಿಯ ಅಂಚು ನೀರಿಗೆ ಎಷ್ಟು ಹತ್ತಿರ ಇದೆ? ತಳದಲ್ಲಿ ಪೆಟ್ರೋಲು ವಾಸನೆ ಇದೆಯಾ? ಜನ ಹತ್ತುವಾಗ, ಈಜುವವರು ಹತ್ತಿರ ಇದ್ದಾಗ ಎಂಜಿನ್ ಆಫ್ ಮಾಡ್ತಾರಾ? ಓಡಿಸುವವರ ಮೈಗೆ ಬಳ್ಳಿ ಇದೆಯಾ?

ಕೇಳೋಕೆ ಸಂಕೋಚ ಆಗುತ್ತೆ, ನನಗೆ ಗೊತ್ತು. ಮರಾಠಿಯಲ್ಲೋ ತಮಿಳಲ್ಲೋ ಹರುಕುಮುರುಕಾಗಿ ಕೇಳಿದರೆ "ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ ಸಾಹೇಬ್" ಅಂತ ನಗ್ತಾರೆ. ಕಳೆದ ಸಲ ತಾರ್ಕರ್ಲಿಯಲ್ಲಿ ನಾನು ಕೇಳಿದಾಗಲೂ ನಕ್ಕರು. ನಾನು ಗಂಗೊಳ್ಳಿಯ ಕತೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಸೀಟಿನ ಕೆಳಗಿಂದ ಬಳ್ಳಿ ತೆಗೆದು ಮಣಿಕಟ್ಟಿಗೆ ಸುತ್ತಿಕೊಂಡರು. ನನ್ನ ಮಗಳು ಆ ದೋಣಿಯಲ್ಲಿದ್ದಳು.

ಊರಲ್ಲಿ ನಿಮ್ಮ ಮನೆಯವರದ್ದೂ ದೋಣಿ ಇದ್ದರೆ ಈ ಬರಹ ಅವರಿಗೆ ಕಳಿಸಿ, ತಪ್ಪಿದ್ದರೆ ಅವರೇ ತಿದ್ದಲಿ. ಅವರು ಹೇಳಿದ್ದನ್ನು ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.